ಹಡಗಿನ ಡ್ರಿಂಕ್ ಪ್ಯಾಕೇಜ್: ಕೊಳ್ಳುವ ಮೊದಲು ಒಂದು ಪೆನ್ನು, ಒಂದು ಹಾಳೆ

ಕ್ರೂಸ್ ಟಿಕೆಟ್ ಬುಕ್ ಆಗುವುದೇ ತಡ, ಮೊಬೈಲಿಗೆ ಮೆಸೇಜುಗಳು ಬರಲು ಶುರುವಾಗುತ್ತವೆ. ‘ಅನ್‌ಲಿಮಿಟೆಡ್ ಡ್ರಿಂಕ್ಸ್’, ‘ಭಾರೀ ರಿಯಾಯಿತಿ’, ‘ಇವತ್ತೇ ಕೊನೆಯ ದಿನ’. ಕಲಬುರಗಿಯಿಂದ ಕ್ರೂಸಿಗೆ ಹೋಗುವವರು ಈಗ ಅಪರೂಪವೇನಲ್ಲ. ಸಿಮೆಂಟ್, ಬೀಜ, ಗೊಬ್ಬರದ ಡೀಲರುಗಳನ್ನು ಕಂಪನಿಯವರೇ ಕರೆದೊಯ್ಯುತ್ತಾರೆ. ಗಂಜ್ ಮಾರುಕಟ್ಟೆಯ ನಾಲ್ಕು ಮನೆಯವರು ಸೇರಿ ಸಿಂಗಪುರಕ್ಕೆ ಹೊರಡುತ್ತಾರೆ. ಟಿಕೆಟ್ ದರ ಮಾತ್ರ ಹತ್ತು ಕಡೆ ವಿಚಾರಿಸುತ್ತಾರೆ, ಒಂದೊಂದು ಸಾವಿರಕ್ಕೂ ಚೌಕಾಸಿ ಮಾಡುತ್ತಾರೆ. ಡ್ರಿಂಕ್ ಪ್ಯಾಕೇಜಿನ, ಅಂದರೆ ದಿನಕ್ಕಿಷ್ಟು ಅಂತ ಮೊದಲೇ ಕೊಟ್ಟು ಬೇಕಾದ್ದು ಕುಡಿಯುವ ಏರ್ಪಾಟಿನ, ಮಾತು ಬಂದಾಗ ಅದೇ ಜನ ‘ಅದೂ ಹಾಕಿಬಿಡ್ರಿ’ ಅಂದುಬಿಡುತ್ತಾರೆ. ಆ ಒಂದು ಮಾತಿಗೆ ಗಂಡ ಹೆಂಡತಿ ಸೇರಿ ಐವತ್ತು ಅರವತ್ತು ಸಾವಿರ ರೂಪಾಯಿ ಕೊಡಬೇಕಾಗಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಬಹುಪಾಲು ಕುಟುಂಬಗಳಿಗೆ ಮದ್ಯದ ಪ್ಯಾಕೇಜ್ ಲಾಭದ್ದಲ್ಲ. ಬೇಕಾದಾಗ ಬೇಕಾದ್ದನ್ನು ಬಿಡಿಯಾಗಿ ಕೊಳ್ಳುವುದೇ ಅಗ್ಗ. ವೈನ್ ಇಷ್ಟಪಡುವವರಿಗೆ ಬಾಟಲಿ ಲೆಕ್ಕ ಇನ್ನೂ ಅಗ್ಗ. ಯಾಕೆ ಅಂತ ನೋಡೋಣ.

ಮೊದಲು ಪುಕ್ಕಟೆ ಏನು ಸಿಗುತ್ತದೆ ಅಂತ ತಿಳಿದಿರಬೇಕು. ದೊಡ್ಡ ಹಡಗುಗಳಲ್ಲಿ ಕುಡಿಯುವ ನೀರು, ಸಾದಾ ಚಹಾ, ಸಾದಾ ಕಾಫಿ, ಬಫೆಯಲ್ಲಿ ನಿಂಬೆ ಶರಬತ್ತು, ಐಸ್ಡ್ ಟೀ, ಬೆಳಗಿನ ತಿಂಡಿ ಹೊತ್ತಿಗೆ ಜ್ಯೂಸ್, ಇಷ್ಟು ಸಾಮಾನ್ಯವಾಗಿ ಟಿಕೆಟ್ಟಿನಲ್ಲೇ ಸೇರಿರುತ್ತದೆ. ನಲ್ಲಿಯ ನೀರು ಕುಡಿಯಲು ಯೋಗ್ಯವಾಗಿಯೇ ಇರುತ್ತದೆ. ಒಂದು ಖಾಲಿ ಬಾಟಲಿ ಜೊತೆಗಿದ್ದರೆ ನೀರಿಗೆ ರೊಕ್ಕ ಬಿಚ್ಚುವ ಅಗತ್ಯವೇ ಇಲ್ಲ. ದುಡ್ಡು ಬೀಳುವುದು ಮದ್ಯ, ಕೋಲಾ, ಮಾಕ್‌ಟೇಲ್ (ಮದ್ಯವಿಲ್ಲದ ಕಾಕ್‌ಟೇಲ್), ತಾಜಾ ಹಣ್ಣಿನ ರಸ, ಕ್ಯಾಪುಚಿನೊ ಥರದ ಕಾಫಿ, ಸೀಲ್ ಮಾಡಿದ ನೀರಿನ ಬಾಟಲಿ, ಇವಕ್ಕೆ.

ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ಮೂರು ಮಟ್ಟ. ಬರೀ ಕೋಲಾ-ಸೋಡಾದ್ದು ಒಂದು. ಮದ್ಯ ಬಿಟ್ಟು ಉಳಿದೆಲ್ಲಾ ಇರುವುದು ಇನ್ನೊಂದು. ಮದ್ಯವೂ ಸೇರಿದ್ದು ಮೂರನೆಯದು. ದರ ತಲೆಗೆ, ದಿನಕ್ಕೆ ಇಷ್ಟು ಅಂತ. ಪ್ರವಾಸದ ಪೂರ್ತಿ ದಿನಗಳಿಗೆ ಕೊಳ್ಳಬೇಕು. ಎರಡು ದಿನಕ್ಕೆ ಸಾಕು ಅಂದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಇದು ಖಾನಾವಳಿಯ ಫುಲ್ ಊಟದ ಲೆಕ್ಕವೇ. ಎರಡು ರೊಟ್ಟಿ ತಿಂದವನೂ ಅಷ್ಟೇ ಕೊಡುತ್ತಾನೆ, ಎಂಟು ರೊಟ್ಟಿ ತಿಂದವನೂ ಅಷ್ಟೇ ಕೊಡುತ್ತಾನೆ. ಖಾನಾವಳಿಯವನು ಬದುಕುವುದು ಎರಡು ರೊಟ್ಟಿಯವರಿಂದ.

ಈಗ ಹಾಳೆ ತೆಗೆದುಕೊಳ್ಳಿ. ದರಗಳು ಹಡಗಿನಿಂದ ಹಡಗಿಗೆ, ದಿನದಿಂದ ದಿನಕ್ಕೆ ಬದಲಾಗುತ್ತವೆ. ಹಾಗಾಗಿ ಇಲ್ಲಿ ಕೊಡುವುದು ಬರೀ ಉದಾಹರಣೆಯ ಅಂಕಿ. ನಿಮ್ಮ ಹಡಗಿನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಮದ್ಯದ ಪ್ಯಾಕೇಜ್ ದಿನಕ್ಕೆ 70 ಡಾಲರ್ ಅಂದುಕೊಳ್ಳೋಣ. ಜಾಹೀರಾತಿನಲ್ಲಿ ಕಾಣುವುದು ಈ 70 ಮಾತ್ರ. ಅದರ ಮೇಲೆ ಸರ್ವೀಸ್ ಚಾರ್ಜ್ ಬೀಳುತ್ತದೆ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಅದು ಶೇ 18. ಅಲ್ಲಿಗೆ 82.60 ಡಾಲರ್ ಆಯಿತು. ನಾಲ್ಕು ರಾತ್ರಿಯ ಪ್ರವಾಸಕ್ಕೆ ಒಬ್ಬರಿಗೆ 330 ಡಾಲರ್ ಚಿಲ್ಲರೆ. ಡಾಲರಿಗೆ 90 ರೂಪಾಯಿ ಹಿಡಿದರೆ 29,736 ರೂಪಾಯಿ. ಇಬ್ಬರಿಗೆ 59,472.

ಅದೇ ಹಡಗಿನಲ್ಲಿ ಬಿಡಿ ದರ ಹೀಗಿದೆ ಅಂದುಕೊಳ್ಳಿ. ಬಿಯರ್ 8 ಡಾಲರ್, ವಿಸ್ಕಿ 11, ಒಂದು ಗ್ಲಾಸ್ ವೈನ್ 12, ಮಾಕ್‌ಟೇಲ್ 8, ಒಳ್ಳೆ ಕಾಫಿ 4.50, ನೀರಿನ ಬಾಟಲಿ 3. ಇವುಗಳ ಮೇಲೂ ಅದೇ ಶೇ 18 ಬೀಳುತ್ತದೆ, ಮರೆಯಬೇಡಿ. ಗಂಡ ಮಧ್ಯಾಹ್ನ ಎರಡು ಬಿಯರ್, ರಾತ್ರಿ ಎರಡು ವಿಸ್ಕಿ, ನಡುವೆ ಒಂದು ಕಾಫಿ, ಒಂದು ನೀರಿನ ಬಾಟಲಿ ತಗೊಂಡ. ಎಲ್ಲಾ ಸೇರಿ 53.69 ಡಾಲರ್. ಹೆಂಡತಿ ಮದ್ಯ ಮುಟ್ಟುವುದಿಲ್ಲ. ಒಂದು ಮಾಕ್‌ಟೇಲ್, ಒಂದು ಕಾಫಿ, ಒಂದು ನೀರು ಅಂದರೆ 18.29. ಇಬ್ಬರದೂ ಕೂಡಿ ದಿನಕ್ಕೆ 72 ಡಾಲರ್ ಮುಟ್ಟುವುದಿಲ್ಲ. ಪ್ಯಾಕೇಜಿಗೆ ಕೊಟ್ಟಿದ್ದು 165. ನಾಲ್ಕು ದಿನದಲ್ಲಿ ಮೂವತ್ಮೂರು ಸಾವಿರ ರೂಪಾಯಿಗಿಂತ ಜಾಸ್ತಿ ಸುಮ್ನೆ ಹೋಯಿತು.

‘ಆಕೆಯ ಮಾತು ಬಿಡಿ, ನಾನೊಬ್ಬನೇ ವಸೂಲಿ ಮಾಡ್ತೀನಿ’ ಅನ್ನುವವರಿದ್ದಾರೆ. ಸರಿ, ಅದನ್ನೂ ನೋಡೋಣ. ಹಡಗಿನಲ್ಲಿ ಒಂದು ಅಳತೆ ವಿಸ್ಕಿ ಅಂದರೆ ಸಾಮಾನ್ಯವಾಗಿ 40-45 ಮಿಲಿ. ನಮ್ಮ 30ರ ಸ್ಮಾಲ್ ಪೆಗ್ಗೂ ಅಲ್ಲ, 60ರ ಲಾರ್ಜೂ ಅಲ್ಲ. ಅಂಥ ನಾಲ್ಕು ಕುಡಿದರೆ ಹತ್ತಿರ ಹತ್ತಿರ ಒಂದು ಕ್ವಾರ್ಟರ್ ಆಯಿತು. ಅದರ ಜೊತೆ ಎರಡು ಬಿಯರ್, ಒಂದು ಕಾಫಿ, ಒಂದು ನೀರು. ಒಟ್ಟು 79.65 ಡಾಲರ್. ಇಷ್ಟು ಕುಡಿದರೂ ಒಬ್ಬನ ಪ್ಯಾಕೇಜಿನ 82.60 ಇನ್ನೂ ವಸೂಲಾಗಲಿಲ್ಲ. ಅದೂ ನಾಲ್ಕೂ ದಿನ ಹೀಗೇ ಕುಡಿಯಬೇಕು. ಸಿಂಗಪುರದಿಂದ ಹೊರಟ ಹಡಗು ಪೆನಾಂಗಿನಲ್ಲೋ ಫುಕೆಟ್ಟಿನಲ್ಲೋ ನಿಂತ ದಿನ ನೀವು ಊರು ಸುತ್ತುತ್ತಿರುತ್ತೀರಿ, ಅಲ್ವಾ? ದಡದ ಮೇಲೆ ಕುಡಿದದ್ದಕ್ಕೆ ಬೇರೆ ದುಡ್ಡು. ಪ್ಯಾಕೇಜಿನ ಮೀಟರ್ ಮಾತ್ರ ಆ ದಿನವೂ ಓಡುತ್ತಿರುತ್ತದೆ.

ಇನ್ನು ಬಹಳ ಜನಕ್ಕೆ ಬುಕ್ ಮಾಡುವ ಹೊತ್ತಿಗಷ್ಟೇ ಗೊತ್ತಾಗುವ ವಿಷಯ, ಕೋಣೆಯ ನಿಯಮ. ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ, ಆ ಕ್ಯಾಬಿನ್ನಿನಲ್ಲಿ ಕುಡಿಯುವ ವಯಸ್ಸಾದ ಎಲ್ಲರೂ ಕೊಳ್ಳಬೇಕು. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಂಥ ದೊಡ್ಡ ಕಂಪನಿಗಳಲ್ಲಿ ಈ ನಿಯಮವಿದೆ. ಒಬ್ಬ ಕೊಂಡು ಇಬ್ಬರಿಗೆ ಹಂಚಬಾರದು ಅಂತ ಇದನ್ನು ಮಾಡಿದ್ದಾರೆ. ನಮ್ಮ ಮನೆಗಳಲ್ಲಿ ಏನಾಗುತ್ತದೆ ನೋಡಿ. ಗಂಡ ಕುಡಿಯುತ್ತಾನೆ, ಹೆಂಡತಿ ಕುಡಿಯುವುದಿಲ್ಲ. ಆದರೂ ಇಬ್ಬರಿಗೂ ಬಿಲ್ಲು. ಅಮೆರಿಕದಿಂದ ಹೊರಡುವ ಹಡಗಿನಲ್ಲಿ ಕುಡಿಯುವ ವಯಸ್ಸು 21. ರಾಯಲ್ ಕೆರಿಬಿಯನ್‌ನಲ್ಲಿ ಏಷ್ಯಾ, ಯುರೋಪಿನಿಂದ ಹೊರಡುವಾಗ ಅದು 18. ಅಂದರೆ ಪಿಡಿಎ ಕಾಲೇಜಿನಲ್ಲಿ ಎರಡನೇ ವರ್ಷ ಓದುವ ಮಗನನ್ನು ಅದೇ ಕ್ಯಾಬಿನ್ನಿನಲ್ಲಿ ಮಲಗಿಸಿದರೆ ಸಿಂಗಪುರದಲ್ಲಿ ಅವನೂ ದೊಡ್ಡವನೇ. ಅಪ್ಪನ ವಿಸ್ಕಿಗೆ ಮೂರು ತಲೆಯ ದುಡ್ಡು.

ಇದಕ್ಕೆ ದಾರಿ ಇಲ್ಲದೇ ಇಲ್ಲ. ಆರೋಗ್ಯದ ಕಾರಣಕ್ಕೋ ಬೇರೆ ಕಾರಣಕ್ಕೋ ಮದ್ಯ ಕುಡಿಯದವರಿಗೆ ಮದ್ಯವಿಲ್ಲದ ಅಗ್ಗದ ಪ್ಯಾಕೇಜ್ ಕೊಡಲು ಕೆಲವು ಸಲ ಒಪ್ಪುತ್ತಾರೆ. ಆದರೆ ವೆಬ್‌ಸೈಟಿನಲ್ಲಿ ಅದು ಆಗುವುದಿಲ್ಲ. ಫೋನ್ ಮಾಡಿ ಕೇಳಬೇಕು, ಏಜೆಂಟರ ಕೈಯಲ್ಲಿ ಕೇಳಿಸಬೇಕು. ಎರಡು ಜೋಡಿ ಒಟ್ಟಿಗೆ ಹೊರಟಿದ್ದರೆ ಕಾಗದದ ಮೇಲೆ ಗಂಡಸರಿಬ್ಬರನ್ನು ಒಂದು ಕ್ಯಾಬಿನ್ನಿಗೆ, ಹೆಂಗಸರಿಬ್ಬರನ್ನು ಇನ್ನೊಂದಕ್ಕೆ ಹಾಕಿಸುವ ಚಾಲಾಕಿಯೂ ಇದೆ. ಕೀ ಕಾರ್ಡ್ ಅದಲು ಬದಲಾಗಿ ರಾತ್ರಿ ಹನ್ನೊಂದಕ್ಕೆ ಬಾಗಿಲ ಮುಂದೆ ನಿಂತು ನಗುವ ಸಂದರ್ಭ ಬಂದರೆ ಅದು ನಿಮ್ಮ ಜವಾಬ್ದಾರಿ.

‘ಅನ್‌ಲಿಮಿಟೆಡ್’ ಅಂದರೂ ಮಿತಿ ಇದ್ದೇ ಇರುತ್ತದೆ. ಕಾರ್ನಿವಲ್‌ನ ಚಿಯರ್ಸ್ ಪ್ಯಾಕೇಜಿನಲ್ಲಿ ದಿನಕ್ಕೆ 15 ಮದ್ಯದ ಡ್ರಿಂಕ್‌ಗಳೇ ಗರಿಷ್ಠ. ಹದಿನೈದು ಕುಡಿಯುವವರ ವಿಷಯ ಬಿಡಿ, ಅವರಿಗೆ ಬೇಕಾಗಿರುವುದು ಪ್ಯಾಕೇಜ್ ಅಲ್ಲ. ನಮ್ಮಂಥವರಿಗೆ ತಾಗುವುದು ಬೆಲೆಯ ಮಿತಿ. ಒಂದು ಗ್ಲಾಸಿಗೆ ಇಷ್ಟು ಡಾಲರ್ ತನಕ ಮಾತ್ರ ಪ್ಯಾಕೇಜಿನಲ್ಲಿ ಸೇರಿದೆ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಮಿತಿ 14 ಡಾಲರ್ ಇದೆ, ನೀವು ಕೇಳಿದ ಸಿಂಗಲ್ ಮಾಲ್ಟ್ ವಿಸ್ಕಿ 19 ಅಂದುಕೊಳ್ಳಿ. ಕೆಲವು ಹಡಗಿನಲ್ಲಿ ಬಾಕಿ 5 ಡಾಲರ್ ಮತ್ತು ಅದರ ಮೇಲಿನ ಸರ್ವೀಸ್ ಚಾರ್ಜ್ ಕೊಟ್ಟರೆ ಸಾಕು. ಇನ್ನು ಕೆಲವು ಕಡೆ ಮಿತಿ ದಾಟಿದರೆ ಪೂರ್ತಿ ಬೆಲೆ ನಿಮ್ಮದೇ, ಮೇಲೊಂದಿಷ್ಟು ರಿಯಾಯಿತಿ ಅಷ್ಟೇ. ಈ ಎರಡರಲ್ಲಿ ನಿಮ್ಮ ಹಡಗಿನದು ಯಾವುದು ಅಂತ ಕೊಳ್ಳುವ ಮೊದಲೇ ಓದಿಕೊಳ್ಳಿ. ರೂಮ್ ಸರ್ವೀಸ್, ಕ್ಯಾಬಿನ್ನಿನ ಮಿನಿಬಾರ್, ಮನೆಗೆ ಒಯ್ಯುವ ಚಂದದ ಗ್ಲಾಸಿನಲ್ಲಿ ಕೊಡುವ ಡ್ರಿಂಕ್, ಇವು ಬಹುತೇಕ ಹೊರಗೇ. ಡಬಲ್, ಅಂದರೆ ಒಂದೇ ಗ್ಲಾಸಿಗೆ ಎರಡು ಅಳತೆ, ಕೇಳಿದರೆ ಹಲವು ಕಡೆ ಕೊಡುವುದಿಲ್ಲ. ನಿಮ್ಮ ಕ್ಯಾಬಿನ್ ಕಾರ್ಡಿನಲ್ಲಿ ಗೆಳೆಯನಿಗೆ ತೆಗೆದುಕೊಟ್ಟದ್ದು ಗೊತ್ತಾದರೆ ಪ್ಯಾಕೇಜನ್ನೇ ರದ್ದು ಮಾಡಬಹುದು, ದುಡ್ಡು ವಾಪಸ್ ಬರುವುದಿಲ್ಲ.

ವೈನ್ ವಿಷಯಕ್ಕೆ ಬರೋಣ. ನನಗೆ ಕ್ರೂಸಿನಲ್ಲಿ ನಿಜವಾಗಿ ಅರ್ಥವಿದೆ ಅನ್ನಿಸುವ ಖರ್ಚು ಇದೊಂದೇ. ಒಂದು ಬಾಟಲಿ ವೈನ್ 750 ಮಿಲಿ. ಒಂದು ಗ್ಲಾಸಿಗೆ 150 ಮಿಲಿಯಂತೆ ಐದು ಗ್ಲಾಸ್ ಬರುತ್ತದೆ. ಗ್ಲಾಸಿಗೆ 12 ಡಾಲರ್ ಅಂದರೆ ಐದಕ್ಕೆ 60. ಸರ್ವೀಸ್ ಚಾರ್ಜ್ ಸೇರಿ 70.80. ಅದೇ ಮಟ್ಟದ ಒಂದು ಬಾಟಲಿ 45 ಡಾಲರಿಗೆ ಸಿಕ್ಕರೆ ಎಲ್ಲಾ ಸೇರಿ 53.10. ಮೊದಲ ರಾತ್ರಿ ಬಾಟಲಿ ಮುಗಿಯಲಿಲ್ಲ ಅಂತ ಹಟಕ್ಕೆ ಬಿದ್ದು ಕುಡಿಯಬೇಕಾಗಿಲ್ಲ. ಉಳಿದದ್ದಕ್ಕೆ ಬಿರಡೆ ಹಾಕಿ, ಕ್ಯಾಬಿನ್ ನಂಬರ್ ಬರೆದು ಇಟ್ಟುಕೊಂಡು, ಮಾರನೇ ರಾತ್ರಿ ಅದೇ ಬಾಟಲಿಯನ್ನು ನಿಮ್ಮ ಟೇಬಲ್ಲಿಗೆ ತರುತ್ತಾರೆ. ಇದು ಹಡಗುಗಳಲ್ಲಿ ಹಳೆಯ ರೂಢಿ. ಕೆಲವು ಕಂಪನಿಗಳು ಹಲವು ಬಾಟಲಿಗಳನ್ನು ಒಟ್ಟಿಗೆ ಕೊಂಡರೆ ದರ ಇಳಿಸುವ ವೈನ್ ಪ್ಯಾಕೇಜನ್ನೂ ಇಟ್ಟಿವೆ. ಅದರಲ್ಲೊಂದು ಅನುಕೂಲ, ಸಾಮಾನ್ಯವಾಗಿ ಕೋಣೆಯ ನಿಯಮ ಇದಕ್ಕೆ ತಾಗುವುದಿಲ್ಲ. ಬಾಟಲಿ ಕೊಂಡವರದು, ಟೇಬಲ್ಲಿಗೆ ಕೂತವರು ಹಂಚಿಕೊಂಡು ಕುಡಿಯಬಹುದು. ವೈನ್ ಕುಡಿಯುವವರು ನಾಲ್ಕು ಜನ ಇದ್ದರೆ ಮದ್ಯದ ಪ್ಯಾಕೇಜಿಗಿಂತ ಇದು ಎಷ್ಟೋ ವಾಸಿ.

ಇನ್ನೂ ಅಗ್ಗದ ದಾರಿ ನಿಮ್ಮದೇ ಬಾಟಲಿ ಒಯ್ಯುವುದು. ರಾಯಲ್ ಕೆರಿಬಿಯನ್, ಕಾರ್ನಿವಲ್ ಎರಡೂ ಹಡಗು ಹತ್ತುವ ದಿನ ಪ್ರತಿ ವಯಸ್ಕರಿಗೆ 750 ಮಿಲಿಯ ಒಂದು ವೈನ್ ಬಾಟಲಿಗೆ ಅವಕಾಶ ಕೊಡುತ್ತವೆ. ಕೈಚೀಲದಲ್ಲೇ ಇರಬೇಕು. ಊಟದ ಹಾಲಿಗೆ ತಂದು ತೆರೆಸಿದರೆ ಕಾರ್ಕೇಜ್ ಅಂತ ಒಂದು ಶುಲ್ಕ ಬೀಳಬಹುದು. ಕ್ಯಾಬಿನ್ನಿನ ಬಾಲ್ಕನಿಯಲ್ಲಿ ಕೂತು ಕುಡಿದರೆ ಬೀಳುವುದಿಲ್ಲ. ವಿಸ್ಕಿ, ರಮ್ಮಿಗೆ ಮಾತ್ರ ಈ ಸೌಲಭ್ಯ ಇಲ್ಲ. ದಾರಿಯ ಬಂದರಿನಲ್ಲೋ ಹಡಗಿನ ಅಂಗಡಿಯಲ್ಲೋ ಕೊಂಡ ಗಟ್ಟಿ ಮದ್ಯವನ್ನು ಅವರೇ ಇಟ್ಟುಕೊಂಡು ಕೊನೆಗೆ ಕೊಡುತ್ತಾರೆ. ನಮ್ಮವರಿಗೆ ಹೈದರಾಬಾದಿನಿಂದ ಸಿಂಗಪುರಕ್ಕೆ ನೇರ ವಿಮಾನ ಇದೆಯಲ್ಲ, ಹಾಗಾಗಿ ವೈನ್ ಕೊಳ್ಳಲು ಡ್ಯೂಟಿ ಫ್ರೀ ಅಂಗಡಿಯೇ ಸರಿಯಾದ ಜಾಗ. (ಅಂದ ಹಾಗೆ, ಅಗಿಯುವ ತಂಬಾಕು ಸಿಂಗಪುರದಲ್ಲಿ ನಿಷಿದ್ಧ. ಕಿಸೆಯಲ್ಲಿ ಗುಟ್ಕಾ ಪಾಕೀಟು ಉಳಿದಿದ್ದರೆ ಶಂಷಾಬಾದ್ ವಿಮಾನ ನಿಲ್ದಾಣದಲ್ಲೇ ಎಸೆದುಬಿಡಿ.)

ಯಾವ ವೈನ್ ಆರಿಸಬೇಕು? ಹಡಗಿನ ಮೆನುವಿನಲ್ಲಿ ಕಾಣುವ ಹೆಸರುಗಳು ಹೆಚ್ಚಾಗಿ ದ್ರಾಕ್ಷಿಯ ತಳಿಯ ಹೆಸರುಗಳು. ಕೆಂಪಿನಲ್ಲಿ ಕ್ಯಾಬರ್ನೆ ಸೊವಿನ್ಯೋನ್, ಮೆರ್ಲೋ, ಪಿನೋ ನ್ವಾರ್. ಬಿಳಿಯಲ್ಲಿ ಶಾರ್ಡೊನೆ, ಸೊವಿನ್ಯೋನ್ ಬ್ಲಾಂಕ್, ರೀಸ್ಲಿಂಗ್. ‘ರೆಡ್ ವೈನ್ ಕೊಡಿ’ ಅಂದರೆ ಕ್ಯಾಬರ್ನೆ ಬರುವ ಸಾಧ್ಯತೆ ಜಾಸ್ತಿ. ಅದರಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ ಹೆಚ್ಚು. ಅಡಿಕೆ ಅಗಿದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಆ ಗುಣ. ಒಗರಿನ ಜೊತೆ ಖಾರ ಸೇರಿದರೆ ಖಾರ ಇನ್ನೂ ಉರಿಯುತ್ತದೆ. ಮದ್ಯದ ಅಂಶ ಜಾಸ್ತಿ ಇದ್ದಷ್ಟೂ ಉರಿ ಜಾಸ್ತಿ. ಹಡಗಿನಲ್ಲಿ ನಾವು ಊಟಕ್ಕೆ ಹುಡುಕುವುದು ಭಾರತೀಯ ಕೌಂಟರನ್ನೇ ತಾನೇ? ಬಿರಿಯಾನಿ, ಖಾರದ ಗ್ರೇವಿ. ಅದರ ಪಕ್ಕಕ್ಕೆ ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಇವುಗಳ ಜೊತೆ ಕ್ಯಾಬರ್ನೆ ಕುಡಿದು ‘ವೈನ್ ಅಂದರೆ ಇಷ್ಟೇನಾ’ ಅಂತ ಮುಖ ಕಿವುಚಿದರೆ ತಪ್ಪು ವೈನಿನದೂ ಅಲ್ಲ, ಹಿಂಡಿಯದೂ ಅಲ್ಲ.

ಖಾರದ ಊಟಕ್ಕೆ ಸ್ವಲ್ಪ ಸಿಹಿ ಇರುವ, ತಣ್ಣಗಿನ ಬಿಳಿ ವೈನ್ ಕೇಳಿ. ರೀಸ್ಲಿಂಗ್ ಇದ್ದರೆ ಅದು. ಸಿಹಿ ಇಲ್ಲದ ವೈನಿಗೆ ಡ್ರೈ ಅನ್ನುತ್ತಾರೆ. ‘ಪೂರ್ತಿ ಡ್ರೈ ಬೇಡ, ಸ್ವಲ್ಪ ಸಿಹಿ ಇರಲಿ’ ಅಂದರೆ ವೇಟರಿಗೆ ಅರ್ಥವಾಗುತ್ತದೆ. ಭಾರತದ ವೈನುಗಳಲ್ಲಿ ಶೆನಿನ್ ಬ್ಲಾಂಕ್ ಸುಲಭವಾಗಿ ಸಿಗುತ್ತದೆ, ನಾಸಿಕದಲ್ಲಿ ಬೆಳೆಯುತ್ತಾರೆ. ಅದೂ ಆಗುತ್ತದೆ. ಗುಳ್ಳೆ ಬರುವ ಪ್ರೊಸೆಕ್ಕೊ ವೈನ್ ಕರಿದ ತಿಂಡಿಗೆ ಚೆನ್ನಾಗಿ ಒಗ್ಗುತ್ತದೆ. ಕೆಂಪೇ ಬೇಕು ಅಂದರೆ ಪಿನೋ ನ್ವಾರ್, ಅದರಲ್ಲಿ ಒಗರು ಕಡಿಮೆ. ಕ್ಯಾಬರ್ನೆಯನ್ನು ಮಟನ್ ರೋಸ್ಟ್ ಅಥವಾ ಚೀಸ್ ಸಿಗುವ ರಾತ್ರಿಗೆ ಇಟ್ಟುಕೊಳ್ಳಿ. ಬಾಟಲಿ ತರಿಸುವ ಮೊದಲು ಒಂದು ಗುಟುಕು ರುಚಿ ನೋಡಲು ಕೇಳಿ. ಗ್ಲಾಸಿನಲ್ಲಿ ಮಾರುವ ವೈನಾದರೆ ಸಾಮಾನ್ಯವಾಗಿ ಕೊಡುತ್ತಾರೆ, ಕೇಳಲು ಸಂಕೋಚ ಬೇಡ.

ಮಕ್ಕಳ ಕೋಲಾ ಪ್ಯಾಕೇಜಿನ ಲೆಕ್ಕ ಒಂದೇ ಸಾಲಿನದು. ದಿನಕ್ಕೆ ನಾಲ್ಕು ಕ್ಯಾನ್ ಮೀರಿ ಕುಡಿಯುವ ಮಗು ಇದ್ದರೆ ಲಾಭ ಬರಬಹುದು, ಆದರೆ ಹಾಗೆ ಕುಡಿಸಬೇಡಿ.

ಹಾಗಾದರೆ ಪ್ಯಾಕೇಜ್ ಯಾರಿಗೂ ಬೇಡವೇ? ಬೇಕಾದವರೂ ಇದ್ದಾರೆ. ಇಬ್ಬರೂ ಕುಡಿಯುವ ಜೋಡಿ, ಬಂದರಿಗಿಂತ ಸಮುದ್ರದಲ್ಲೇ ಜಾಸ್ತಿ ದಿನ ಇರುವ ಪ್ರವಾಸ, ದಿನವಿಡೀ ಕಾಫಿ, ಕಾಕ್‌ಟೇಲ್, ನೀರು ಅಂತ ಏನಾದರೊಂದು ಕೈಯಲ್ಲಿರಲೇಬೇಕು ಅನ್ನುವವರು. ಪ್ರತಿ ಗ್ಲಾಸಿಗೂ ಬಿಲ್ ನೋಡಿ ಬೇಜಾರು ಮಾಡಿಕೊಳ್ಳುವ ಸ್ವಭಾವದವರಿಗೂ ಅದರಿಂದ ನೆಮ್ಮದಿ ಸಿಗಬಹುದು. ಆದರೆ ಅದು ನೆಮ್ಮದಿಗೆ ಕೊಟ್ಟ ದುಡ್ಡು, ಉಳಿತಾಯ ಅಲ್ಲ.

ಟಿಕೆಟ್ಟಿನ ಜೊತೆಗೇ ಡ್ರಿಂಕ್ ಸೇರಿಸಿ ಮಾರುವ ಕಂಪನಿಗಳೂ ಇವೆ. ಪ್ರಿನ್ಸೆಸ್ ಹಡಗುಗಳ ಪ್ಲಸ್ ದರದಲ್ಲಿ ಡ್ರಿಂಕ್, ವೈಫೈ, ಸಿಬ್ಬಂದಿಯ ಟಿಪ್ಸ್ ಒಟ್ಟಿಗೆ ಬರುತ್ತವೆ. ವೈಫೈ ಹೇಗೂ ಬೇಕು ಅನ್ನುವವರು ಇದನ್ನು ಬಿಡಿ ಬಿಡಿಯಾಗಿ ಕೂಡಿಸಿ ನೋಡಬೇಕು, ಕೆಲವೊಮ್ಮೆ ಗಿಟ್ಟುತ್ತದೆ. ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿ ಡ್ರಿಂಕ್ ಪ್ಯಾಕೇಜನ್ನು ಟಿಕೆಟ್ ಆಫರಿನೊಳಗೆ ಸೇರಿಸಿ ಕೊಟ್ಟರೂ ಅದರ ಮೇಲಿನ ಶೇ 20 ಸರ್ವೀಸ್ ಚಾರ್ಜನ್ನು ನಿಮ್ಮಿಂದಲೇ ತಗೊಳ್ಳುತ್ತದೆ. ಪುಕ್ಕಟೆಗೂ ಬಿಲ್ ಇರುತ್ತದೆ ಅಂತಾಯಿತು.

ಡೀಲರ್ ಟೂರಿಗೆ ಹೋಗುವವರು ಒಂದು ಪ್ರಶ್ನೆ ಕೇಳಿಟ್ಟುಕೊಳ್ಳಿ. ಆಹ್ವಾನದ ಕಾರ್ಡಿನಲ್ಲಿ ‘ಡ್ರಿಂಕ್ಸ್ ಸೇರಿದೆ’ ಅಂತಿದ್ದರೆ ಅದು ಪೂರ್ತಿ ಪ್ರವಾಸಕ್ಕೋ, ಅಥವಾ ಒಂದು ಸಂಜೆಯ ಎರಡು ಗಂಟೆ ಪಾರ್ಟಿಗೋ? ಇದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾರಿನಲ್ಲಿ ಕಾರ್ಡ್ ಉಜ್ಜಿದ ಮೇಲೆ ‘ಕಂಪನಿ ಕೊಡ್ತದಂತ ತಿಳ್ಕೊಂಡಿದ್ದೆ’ ಅಂದರೆ ಅಲ್ಲಿ ಯಾರೂ ಕೇಳುವುದಿಲ್ಲ.

ಮುಂಬೈಯಿಂದ ಹೊರಡುವ ಹಡಗಿನ ಆಯ್ಕೆಯೂ ನಮಗಿದೆ. ಕಲಬುರಗಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ, ಅಲ್ಲಿಂದ ಬಂದರು ಹತ್ತಿರ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 2021ರಿಂದ ಗೋವಾ, ಲಕ್ಷದ್ವೀಪದ ಕಡೆ ಓಡಾಡುತ್ತಿದೆ. 1990ರಲ್ಲಿ ಕಟ್ಟಿದ ಹಡಗು ಅದು, ಮೊದಲು ರಾಯಲ್ ಕೆರಿಬಿಯನ್ ಬಳಿ ಇತ್ತು. ಇಂಥ ಎರಡು ಮೂರು ರಾತ್ರಿಯ ಪ್ರವಾಸದಲ್ಲಿ ಪ್ಯಾಕೇಜಿನ ಲೆಕ್ಕ ಇನ್ನೂ ಬಿಗಿ. ಹತ್ತುವುದು ಮಧ್ಯಾಹ್ನದ ಮೇಲೆ, ಇಳಿಯುವುದು ಬೆಳಿಗ್ಗೆ. ಗೋವಾಕ್ಕೆ ಇಳಿದ ದಿನ ಹಡಗಿನ ಬಾರಿನಲ್ಲಿ ಯಾರು ಕೂರುತ್ತಾರೆ? ಲಕ್ಷದ್ವೀಪಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಬಂಗಾರಂ ದ್ವೀಪ ಬಿಟ್ಟರೆ ಅಲ್ಲಿ ಪಾನನಿಷೇಧ ಇದೆ. ಹಡಗಿನಿಂದ ದ್ವೀಪಕ್ಕೆ ಇಳಿಯುವಾಗ ಚೀಲದಲ್ಲಿ ಬಾಟಲಿ ಬೇಡ.

ಇಷ್ಟಾದ ಮೇಲೂ ಪ್ಯಾಕೇಜ್ ಬೇಕು ಅನ್ನಿಸಿದರೆ ಹಡಗು ಹತ್ತುವ ಮೊದಲೇ ಆನ್‌ಲೈನಿನಲ್ಲಿ ಕೊಳ್ಳಿ. ಹತ್ತಿದ ಮೇಲಿನ ದರ ಸಾಮಾನ್ಯವಾಗಿ ಜಾಸ್ತಿ. ಮೊದಲೇ ಕೊಂಡದ್ದಕ್ಕೆ ಇನ್ನೊಂದು ಅನುಕೂಲ ಇದೆ. ದರ ಮುಂದೆ ಇಳಿದರೆ ಹಳೆಯದನ್ನು ರದ್ದು ಮಾಡಿ, ದುಡ್ಡು ವಾಪಸ್ ಪಡೆದು, ಹೊಸ ದರಕ್ಕೆ ಕೊಳ್ಳಬಹುದು. ರಾಯಲ್ ಕೆರಿಬಿಯನ್ ಗಿರಾಕಿಗಳು ಇದನ್ನೇ ಮಾಡುತ್ತಾರೆ. ‘ಇವತ್ತೇ ಕೊನೆ’ ಅನ್ನುವ ಆಫರ್ ಮುಂದಿನ ವಾರ ಬೇರೆ ಹೆಸರಿನಲ್ಲಿ ಮತ್ತೆ ಬರುವುದು ಮಾಮೂಲು. ಡಾಲರಿನಲ್ಲಿ ಕೊಡುವಾಗ ಕ್ರೆಡಿಟ್ ಕಾರ್ಡಿನ ವಿದೇಶಿ ವಿನಿಮಯ ಶುಲ್ಕವೂ ಸೇರುತ್ತದೆ. ಅನೇಕ ಕಾರ್ಡುಗಳಲ್ಲಿ ಅದು ಶೇ 2ರಿಂದ 3.5, ಮೇಲೆ ಜಿಎಸ್‌ಟಿ. ಅರವತ್ತು ಸಾವಿರದ ಪ್ಯಾಕೇಜಿಗೆ ಎರಡು ಸಾವಿರ ಹೀಗೇ ಜಾರಬಹುದು.

ಹಡಗಿನ ಹೊಯ್ದಾಟಕ್ಕೆ ವಾಂತಿ ಬಾರದಿರಲಿ ಅಂತ ಅವೊಮಿನ್ ಮಾತ್ರೆ ಒಯ್ಯುವವರು ಗಮನಿಸಿ. ಅದು ಮಂಪರು ತರುವ ಔಷಧಿ. ಅದರ ಮೇಲೆ ಮದ್ಯ ಬಿದ್ದರೆ ಮಂಪರು ಇಮ್ಮಡಿಯಾಗುತ್ತದೆ, ಮೆಟ್ಟಿಲ ಮೇಲೆ ಕಾಲು ನಿಲ್ಲುವುದಿಲ್ಲ. ಮಾತ್ರೆ ನುಂಗಿದ ದಿನ ಗ್ಲಾಸ್ ಮುಟ್ಟಬೇಡಿ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ನಡೆಯುತ್ತಿದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

ವಾಪಸ್ ಬರುವಾಗ ವಯಸ್ಕರೊಬ್ಬರು 2 ಲೀಟರ್ ತನಕ ಮದ್ಯವನ್ನು ಸುಂಕವಿಲ್ಲದೆ ಭಾರತಕ್ಕೆ ತರಬಹುದು. ವೈನೂ ಅದರಲ್ಲೇ ಸೇರಿತು. 750 ಮಿಲಿಯ ಎರಡು ಬಾಟಲಿ ಆರಾಮಾಗಿ ಬರುತ್ತವೆ, ಮೂರನೆಯದಕ್ಕೆ ಸುಂಕ.

ಹಡಗಿನಲ್ಲಿ ನಗದು ನಡೆಯುವುದಿಲ್ಲ. ಎಲ್ಲಾ ಖರ್ಚೂ ಕ್ಯಾಬಿನ್ ಕಾರ್ಡಿನ ಖಾತೆಗೆ ಹೋಗುತ್ತದೆ. ದಿನಾ ರಾತ್ರಿ ಆ್ಯಪಿನಲ್ಲೋ ಕ್ಯಾಬಿನ್ನಿನ ಟಿವಿಯಲ್ಲೋ ಖಾತೆ ತೆರೆದು ನೋಡಿ. ಸಹಿ ಹಾಕುವ ಚೀಟಿಯಲ್ಲಿ ಸರ್ವೀಸ್ ಚಾರ್ಜ್ ಆಗಲೇ ಸೇರಿರುತ್ತದೆ. ಅದರ ಕೆಳಗೆ ಟಿಪ್ಸ್ ಅಂತ ಇನ್ನೊಂದು ಖಾಲಿ ಗೆರೆ ಇರುತ್ತದೆ, ಅಲ್ಲಿ ಬರೆಯಲೇಬೇಕು ಅಂತೇನಿಲ್ಲ. ನೀವು ಕುಡಿಯದ ಡ್ರಿಂಕ್ ಖಾತೆಯಲ್ಲಿ ಕಂಡರೆ ಕೊನೆಯ ರಾತ್ರಿಯೊಳಗೆ ಗೆಸ್ಟ್ ಸರ್ವೀಸ್ ಕೌಂಟರಿಗೆ ಹೋಗಿ ತೋರಿಸಿ. ಅಲ್ಲೇ ತೆಗೆಸುವುದು ಸುಲಭ. ಇಳಿಯುವ ದಿನ ಬೆಳಿಗ್ಗೆ ಆ ಕೌಂಟರಿನ ಮುಂದೆ ಉದ್ದ ಸಾಲು ಇರುತ್ತದೆ. ಊರಿಗೆ ಬಂದ ಮೇಲೆ ಇಲ್ಲಿಂದ ಮೇಲ್ ಬರೆದು ಹತ್ತು ಡಾಲರ್ ವಾಪಸ್ ತರಿಸುವುದಂತೂ ತಿಂಗಳುಗಟ್ಟಲೆಯ ಕೆಲಸ.